ಸುದ್ದಿ ಒಯ್ದವನ ಬಡ್ತಿ

ನನ್ನ ಅಣ್ಣ ಆಂಬ್ರೋಸ್ ಕಿಟ್ಟೋ ಹದಿನಾಲ್ಕು ವರ್ಷದಿಂದ ನೌಕಾಪಡೆಯಲ್ಲಿ ಲೆಫ್ಟಿನೆಂಟ್ ಆಗಿಯೇ ಇದ್ದ. ಅವನ ಜೊತೆ ಪರೀಕ್ಷೆಗೆ ಕೂತವರಲ್ಲಿ ಇಬ್ಬರು ಕಪ್ತಾನರಾಗಿದ್ದರು, ಒಬ್ಬ ಸತ್ತಿದ್ದ. ನಮ್ಮ ಪರವಾಗಿ ಲಂಡನ್ನಿನಲ್ಲಿ ಒಂದು ಮಾತು ಹೇಳುವವರು ಯಾರೂ ಇರಲಿಲ್ಲ. ತೀರಿಹೋದ ಅಪ್ಪ ಫಾಲ್ಮತ್ ಬಂದರಿನಲ್ಲಿ ಹಾಯಿ ಹೊಲಿಯುತ್ತಿದ್ದವರು. ಇನ್ನೊಂದು ಬಡ್ತಿ ಸಿಗದಿದ್ದರೆ ಫ್ರೆಂಚರ ಜೊತೆಗಿನ ಯುದ್ಧ ಮುಗಿದ ದಿನವೇ ಅಣ್ಣ ಅರ್ಧ ಸಂಬಳಕ್ಕೆ ಮನೆಗೆ ಬಂದು ಕೂರಬೇಕು, ಮತ್ತೆ ಯಾವ ಹಡಗೂ ಅವನನ್ನು ಕರೆಯುವುದಿಲ್ಲ. ಇದು ಅವನಿಗೂ ಗೊತ್ತಿತ್ತು, ನಮಗೂ.

ಆ ವರ್ಷ ಮಾರ್ಚಿನಲ್ಲಿ ಅವನ ಹಡಗು ಫ್ರೆಂಚರ ಒಂದು ಯುದ್ಧನೌಕೆಯನ್ನು ಸೆರೆಹಿಡಿಯಿತು. ಅಣ್ಣ ಮೊದಲ ಲೆಫ್ಟಿನೆಂಟ್, ಕಪ್ತಾನರನ್ನು ಬಿಟ್ಟರೆ ಅವನೇ ಹಿರಿಯ. ಗೆದ್ದ ಹಡಗಿನ ಮೊದಲ ಲೆಫ್ಟಿನೆಂಟನನ್ನು ಅವನ ಮೇಲಿನ ದರ್ಜೆಗೆ, ಅಂದರೆ ಕಮಾಂಡರ್, ಮಾಡುವುದು ವಾಡಿಕೆ. ಗೆಲುವಿನ ಸುದ್ದಿಯನ್ನು ಲಂಡನ್ನಿಗೆ ಒಯ್ದವನನ್ನು ಕಮಾಂಡರ್ ಮಾಡುವುದೂ ವಾಡಿಕೆ.

ಸೆರೆಸಿಕ್ಕ ಹಡಗಿನ ತಳಕ್ಕೆ ಗುಂಡು ಬಿದ್ದು ನೀರು ನುಗ್ಗುತ್ತಿತ್ತು. ಅದನ್ನು ಯಾರಾದರೂ ನಿಧಾನವಾಗಿ ಪ್ಲಿಮತ್ ಬಂದರಿಗೆ ತರಬೇಕಿತ್ತು. ಗೆದ್ದ ಹಡಗು ಸುದ್ದಿ ಹೊತ್ತು ಮುಂದೆ ಹೋಗಬೇಕಿತ್ತು, ದಡದಿಂದ ಲಂಡನ್ನಿಗೆ ಒಬ್ಬ ಅಧಿಕಾರಿ ಕುದುರೆಯ ಮೇಲೆ ಅದನ್ನು ಒಯ್ಯಬೇಕಿತ್ತು.

“ಕಿಟ್ಟೋ, ಲಂಡನ್ನಿಗೆ ಹೋಗೋ ಹಕ್ಕು ನಿಮ್ದು,” ಎಂದರಂತೆ ಕಪ್ತಾನ್ ಬರ್ನಬಿ. “ಈ ಹಡಗನ್ನ ಫೇರ್‌ಲೀ ತರ್ಲಿ.”

ಫೇರ್‌ಲೀ ಎರಡನೇ ಲೆಫ್ಟಿನೆಂಟ್. ದೊಡ್ಡ ಮನೆತನದವನು, ಇನ್ನೂ ಚಿಕ್ಕ ವಯಸ್ಸು.

“ಅವರ ಕೈಗೆ ಕೊಟ್ರೆ ಸಂಜೆಯೊಳಗೆ ಮುಳುಗತ್ತೆ, ಸರ್. ಒಳಗೆ ಗಾಯ ಆದೋರು ಮಲಗಿದಾರೆ. ಫೇರ್‌ಲೀ ಕುದುರೆ ಮೇಲೆ ಚೆನ್ನಾಗಿ ಕೂರ್ತಾರೆ, ಅವರನ್ನೇ ಲಂಡನ್ನಿಗೆ ಕಳ್ಸಿ.”

“ಯೋಚ್ನೆ ಮಾಡಿ ಹೇಳ್ತಿದೀರಾ?”

“ಬಡ್ತಿ ಇಬ್ರಿಗೂ ಬರತ್ತಲ್ಲ, ಸರ್.”

ಅಣ್ಣ ಎಡವಿದ್ದು ಅಲ್ಲೇ. ವಾಡಿಕೆಯನ್ನು ಅವನು ಕಾಯಿದೆ ಎಂದುಕೊಂಡ. ಹಳೆಯ ಹಾಯಿಯೊಂದನ್ನು ಹೊರಗಿನಿಂದ ತೂತಿಗೆ ಬಿಗಿದು, ಹಗಲಿರುಳು ಪಂಪು ಒತ್ತಿಸಿ ಅವನು ದಡ ಸೇರುವಷ್ಟರಲ್ಲಿ ಫೇರ್‌ಲೀ ಕಮಾಂಡರ್ ಆಗಿಬಿಟ್ಟಿದ್ದ. ಇಷ್ಟು ಚಿಕ್ಕ ಗೆಲುವಿಗೆ ಒಂದೇ ಬಡ್ತಿ ಸಾಕು ಎಂದು ಮೇಲಿನವರು ತೀರ್ಮಾನಿಸಿದ್ದರು.

ಮನೆಗೆ ಬಂದವನು ಊಟಕ್ಕೆ ಕೂತು, ಮೀನಿನ ಮುಳ್ಳು ಬಿಡಿಸುತ್ತಾ ಇದನ್ನೆಲ್ಲ ಹೇಳಿದ. ಅಮ್ಮ ತಟ್ಟೆ ಕುಕ್ಕಿದಳು.

“ಸುದ್ದಿ ಇಟ್ಕೊಂಡು ಕುದುರೆ ಓಡಿಸ್ದೋರಿಗೆಲ್ಲ ಬಡ್ತಿ ಕೊಡೋದಾದ್ರೆ ನಮ್ಮೂರ ಅಂಚೆಯವನು ಇಷ್ಟೊತ್ತಿಗೆ ಅಡ್ಮಿರಲ್ ಆಗ್ಬೇಕಿತ್ತು!”

ಅಣ್ಣ ಜೋರಾಗಿ ನಕ್ಕ. ನನಗೆ ನಗು ಬರಲಿಲ್ಲ. ಬ್ರೆಡ್ಡು ಅವನ ಕಡೆ ಸರಿಸಿದೆ.

ಕೆಲವು ವಾರಗಳಾದ ಮೇಲೆ ಫೇರ್‌ಲೀಯೇ ನಮ್ಮ ಮನೆಗೆ ಬಂದ. ಎಡಭುಜದ ಮೇಲೆ ಕಮಾಂಡರನ ಗುರುತಾದ ಹೊಸ ಚಿನ್ನದ ಕುಚ್ಚು. ಬಾಗಿಲು ದಾಟುವಾಗ ತೊಲೆಗೆ ತಲೆ ತಾಗಿಸಿಕೊಂಡ.

“ಸರ್,” ಎಂದ ಅಣ್ಣನಿಗೆ, ಟೊಪ್ಪಿಯನ್ನು ತಿರುಗಿಸುತ್ತಾ. “ನೀವು ತಂದ ಹಡಗನ್ನ ನೌಕಾಪಡೆಯವರೇ ಕೊಂಡ್ಕೊಂಡಿದಾರೆ. ನನ್ನ ಕೈಗೇ ಕೊಟ್ಟಿದಾರೆ. ನೀವು ಮೊದಲ ಲೆಫ್ಟಿನೆಂಟ್ ಆಗಿ ಬರ್ತೀರಾ ಅಂತ...”

“ಇದನ್ನ ಕೇಳೋಕೆ ನಾಚ್ಕೆ ಆಗಲ್ವೇನಪ್ಪಾ?” ಎಂದಳು ಅಮ್ಮ.

“ಆಗತ್ತೆ, ಅಮ್ಮಾ. ಕಾಗದದಲ್ಲಿ ಬರೆಯೋಕೆ ಆಗ್ಲಿಲ್ಲ, ಅದಕ್ಕೇ ಬಂದೆ.”

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೂ ಕಷ್ಟವಾಯಿತು. ಆದರೂ ಅಣ್ಣ ಒಲ್ಲೆ ಎನ್ನಲಿ ಎಂದೇ ಬಯಸಿದೆ. ಅಣ್ಣ ಕಿಟಕಿಯಾಚೆ, ಬಂದರಿನ ಕಡೆ ನೋಡುತ್ತಿದ್ದ.

“ನೀರು ಇನ್ನೂ ನುಗ್ಗತ್ತಾ?”

“ಸ್ವಲ್ಪ, ಸರ್.”

ಅಣ್ಣ ಎದ್ದು ಕೋಟಿನ ಗುಂಡಿ ಹಾಕಿಕೊಂಡ.

“ಆ ‘ಸರ್’ ಇನ್ಮೇಲೆ ನಾನು ಅನ್ಬೇಕಾದ್ದು, ನೀವಲ್ಲ. ಹಡಗಿನ ಜನರೆದುರು ಬಾಯಿ ತಪ್ಪಿದ್ರೆ ನಿಮ್ಮನ್ನ ಯಾರೂ ಲೆಕ್ಕಕ್ಕೆ ಇಟ್ಕೊಳಲ್ಲ.” ನೆಟ್ಟಗೆ ನಿಂತು ಕೇಳಿದ: “ಯಾವತ್ತು ಬರ್ಬೇಕು, ಸರ್?”