ತಾತ್ಕಾಲಿಕವಾಗಿ

"ಹೆಸರಿಲ್ಲಮ್ಮ. ಮುಂದಿನವರು ಬನ್ನಿ."

ಮುಂದಿನವಳ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಅವಳ ಹಿಂದೆ ನಿಂತವಳದೂ ಇರುವುದಿಲ್ಲವೆಂದು ಹಾಸ್ಟೆಲಿನ ವಾರ್ಡನ್‌ಗೆ ಗೊತ್ತಿತ್ತು. ತನ್ನ ಮತ ಹಾಕಿ ಹೊರಟಿದ್ದ ವಾರ್ಡನ್, ಬೆರಳಿನ ಶಾಯಿ ಬಟ್ಟೆಗೆ ತಾಕದಂತೆ ಕೈಯೆತ್ತಿಕೊಂಡು, ಬಾಗಿಲ ಹತ್ತಿರ ನಿಂತುಬಿಟ್ಟಳು.

ಮತಗಟ್ಟೆ ಮಾಡಿದ್ದು ಹಾಸ್ಟೆಲಿನ ಊಟದ ಹಾಲ್‌ನಲ್ಲಿ. ಹುಡುಗಿಯರು ದಿನಾ ತಟ್ಟೆ ಇಡುವ ಮೇಜಿನ ಮೇಲೆ ಇವತ್ತು ಪಟ್ಟಿ, ಮೊಹರು, ಶಾಯಿಯ ಸೀಸೆ. ನಲವತ್ತೊಂದು ಜನ ಬೆಳಗ್ಗೆ ಏಳಕ್ಕೇ ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಮಹಡಿಯಿಂದ ಇಳಿದು ಸಾಲು ಹಚ್ಚಿದ್ದರು. ಹೆಸರಿಲ್ಲವೆಂದು ಗೊತ್ತಿದ್ದೇ ಹಚ್ಚಿದ್ದರು. ಒಬ್ಬೊಬ್ಬಳೂ ಮೇಜಿನ ಮುಂದೆ ನಿಂತು, ಹೆಸರು ಹೇಳಿ, ಇಲ್ಲ ಅನ್ನಿಸಿಕೊಂಡು, "ಥ್ಯಾಂಕ್ಸ್ ಸಾರ್" ಎಂದು ಹೋಗುತ್ತಿದ್ದಳು. ಕೂಗಾಟ ನಡೆದಿದ್ದರೆ ಅಧಿಕಾರಿ ಸುಧಾರಿಸಿಕೊಳ್ಳುತ್ತಿದ್ದ. ಈ ಮರ್ಯಾದೆಗೆ ಪಾಪ ಬೆವತುಹೋಗಿದ್ದ.

ವಾರ್ಡನ್‌ಳ ಎದೆ ಉಬ್ಬಿತು. ನನ್ನ ಹುಡುಗಿಯರು, ಅಂದುಕೊಂಡಳು. ಆ 'ನನ್ನ' ಅನ್ನಲು ತನಗೇನು ಹಕ್ಕು, ಎಂದೂ ಅನ್ನಿಸಿತು.

ಅವರ ಊರುಗಳು ಇಲ್ಲಿಂದ ಒಂದು ಹಗಲು, ಒಂದು ರಾತ್ರಿಯ ದಾರಿ. ಮತದಾನದ ಮರುದಿನವೇ ಪರೀಕ್ಷೆ. ಹಾಗಾಗಿ ಎರಡು ತಿಂಗಳ ಹಿಂದೆ, ಇಲ್ಲಿನ ಪಟ್ಟಿಗೆ ಹೆಸರು ಸೇರಿಸಲು ವಾಸದ ಪತ್ರ ಬೇಕೆಂದು ಅವಳ ಬಳಿ ಬಂದಿದ್ದರು. ಅವಳು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವಳು. ಮಾತನ್ನು ಅಳೆದು ತೂಗಿ ಆಡುವವಳೆಂಬ ಹೆಸರಿತ್ತು, ಆ ಹೆಸರಿನ ಬಗ್ಗೆ ಒಂದಿಷ್ಟು ಜಂಬವೂ ಇತ್ತು. ನಲವತ್ತೊಂದನ್ನೂ ಕೈಯಾರೆ ಬರೆದಳು. 'ಈಕೆ ಈ ಹಾಸ್ಟೆಲಿನಲ್ಲಿ' ಎಂದು ಬರೆದು ಪೆನ್ನು ತಡೆದಳು. ಓದು ಮುಗಿದ ಮೇಲೆ ಹೋಗುವವರಲ್ಲವೇ? 'ತಾತ್ಕಾಲಿಕವಾಗಿ' ಎಂದು ಸೇರಿಸಿ, ಆಮೇಲೆ 'ವಾಸವಾಗಿದ್ದಾಳೆ' ಎಂದು ಮುಗಿಸಿದಳು. ಆ ಪದವನ್ನು ಯಾರೂ ಕೇಳಿರಲಿಲ್ಲ.

ಅರ್ಜಿಗಳು ಕಟ್ಟಿನ ಸಮೇತ ವಾಪಸ್ಸು ಬಂದವು. ಅವಳ ಆ ಒಂದು ಪದದ ಕೆಳಗೆ ಕೆಂಪು ಗೆರೆ. ಬೇರೆ ಪತ್ರ ಬರೆದುಕೊಡುತ್ತೇನೆ ಅನ್ನುವಷ್ಟರಲ್ಲಿ ಗಡುವು ಮುಗಿದಿತ್ತು. ಹುಡುಗಿಯರು ಕಟ್ಟು ಎತ್ತಿಕೊಂಡು ಮಹಡಿ ಹತ್ತಿದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಸಾಲಿನ ಕೊನೆಗೆ 'ವಕೀಲೆ' ನಿಂತಿದ್ದಳು. ಓದುವುದು ರಸಾಯನಶಾಸ್ತ್ರ, ವಾದಕ್ಕೆ ಇಳಿದರೆ ಪಟ್ಟು ಬಿಡುವವಳಲ್ಲವಾದ್ದರಿಂದ ಆ ಹೆಸರು.

"ಹೆಸರಿಲ್ಲ ಅಂತ ಬರೆದುಕೊಡಿ ಸಾರ್."

"ಅದಕ್ಕೆ ಫಾರಂ ಇಲ್ಲಮ್ಮ."

"ಬಿಳಿ ಹಾಳೆ ನನ್ನ ಹತ್ರಾನೇ ಇದೆ."

"ನಿಮ್ಮೂರಿಗೆ ಹೋಗಿ ಓಟು ಹಾಕ್ಬೇಕಿತ್ತಮ್ಮ."

"ನಾಳೆ ಪರೀಕ್ಷೆ ಸಾರ್. ಮೂರು ವರ್ಷದಿಂದ ನಾನು ಊಟ ಮಾಡ್ತಿರೋದು ಇಲ್ಲೇ. ನೀವು ಮೊಣಕೈ ಊರಿದ್ದೀರಲ್ಲ, ಅದೇ ನನ್ನ ಜಾಗ."

ಅಧಿಕಾರಿ ಮೊಣಕೈ ತೆಗೆದ. ಹಾಳೆಯನ್ನು ಮಾತ್ರ ಮುಟ್ಟಲಿಲ್ಲ.

ವಕೀಲೆ ಹೊರಗೆ ಬಂದು, ಬಾಗಿಲಿಗೆ ಅಂಟಿಸಿದ್ದ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ವಾರ್ಡನ್ ಹೆಸರಿನ ಮೇಲೆ ನಿಲ್ಲಿಸಿದಳು.

"ಮೇಡಂ, ನಿಮ್ಮ ವಿಳಾಸಾನೂ ಇದೇ ಹಾಸ್ಟೆಲ್ಲಾ?"

"ಹೂಂ."

"ನಿಮಗೆ ಪತ್ರ ಯಾರು ಬರ್ಕೊಟ್ರು?"

"ಹನ್ನೊಂದು ವರ್ಷದ ಹಿಂದಿನ ಮಾತು."

"ಯಾವಾಗ ಅಂತಲ್ಲ ಮೇಡಂ. ಯಾರು ಅಂತ."

"ನಾಳೆ ಪರೀಕ್ಷೆ ಅಂದ್ಯಲ್ಲ. ಹೋಗಿ ಓದ್ಕೋ."

ವಾರ್ಡನ್ ತನ್ನ ಪತ್ರವನ್ನು ತಾನೇ ಬರೆದುಕೊಂಡಿದ್ದಳು. ಅವಳ ಕೆಲಸ ವರ್ಷ ವರ್ಷ ನವೀಕರಣವಾಗುವಂಥದ್ದು. ಮೆಟ್ಟಿಲ ಕೆಳಗಿನ ಎರಡು ಕೋಣೆಗಳನ್ನು ಯಾವತ್ತು ಬಿಡು ಅಂದರೂ ಬಿಡಬೇಕು. ಆದರೂ ತನ್ನ ಪತ್ರ ಬರೆಯುವಾಗ ಆ ಪದ ನೆನಪಿಗೇ ಬಂದಿರಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಬೆರಳು ತಿಕ್ಕಿದಳು. ಶಾಯಿ ಹೋಗಲಿಲ್ಲ. ತುಂಬ ನಾಚಿಕೆಯಾಯಿತು.

ಸಂಜೆ ಪೆಟ್ಟಿಗೆಗಳು ಹೋದವು, ಮೇಜುಗಳು ತಮ್ಮ ಜಾಗಕ್ಕೆ ಬಂದವು. 'ಮತಗಟ್ಟೆಗೆ ದಾರಿ' ಎಂಬ ಬಾಣದ ಗುರುತನ್ನು ಗೋಡೆಯಿಂದ ಯಾರೂ ಕಿತ್ತಿರಲಿಲ್ಲ. ಊಟಕ್ಕೆ ಮುಂಚೆ ಎಂದಿನಂತೆ ಹಾಜರಿ. ದಿನಾ ಹೆಸರು ಕರೆದರೆ "ಇದ್ದೀನಿ ಮೇಡಂ" ಅನ್ನುವುದು ವಾಡಿಕೆ. ಪುಸ್ತಕದಲ್ಲಿ ಮೊದಲ ಹೆಸರು ವಕೀಲೆಯದು. ಕರೆದಳು.

"ತಾತ್ಕಾಲಿಕವಾಗಿ ಇದ್ದೀನಿ ಮೇಡಂ."

ಯಾರೂ ನಗಲಿಲ್ಲ. ವಾರ್ಡನ್ ಗುರುತು ಹಾಕಿ ಎರಡನೆಯ ಹೆಸರು ಕರೆದಳು.

"ತಾತ್ಕಾಲಿಕವಾಗಿ ಇದ್ದೀನಿ ಮೇಡಂ."

ಮೂರನೆಯವಳೂ ಹಾಗೇ. ಹತ್ತನೆಯವಳೂ. ಪ್ರತಿ ಉತ್ತರವೂ ಕೆನ್ನೆಗೆ ಬಾರಿಸಿದಂತಿತ್ತು. ಆದರೂ ಅವಳಿಗೆ ಹೆಮ್ಮೆಯೇ ಆಗುತ್ತಿತ್ತು. ಎಷ್ಟು ಸ್ಪಷ್ಟವಾಗಿ ಹೇಳುತ್ತಿದ್ದಾರೆ! ಸ್ವರ ಏರಿಸದೆ, ತಲೆ ತಗ್ಗಿಸದೆ, ಪದವನ್ನು ಎಲ್ಲಿಡಬೇಕೋ ಅಲ್ಲೇ ಇಡುತ್ತಿದ್ದಾರೆ. ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ಇದಕ್ಕಿಂತ ಏನು ಬೇಕು? ಕಣ್ಣು ಮಂಜಾಗಿ, ಕೊನೆಕೊನೆಯ ಹೆಸರುಗಳನ್ನು ಓದಲು ಕನ್ನಡಕ ಒರೆಸಿಕೊಳ್ಳಬೇಕಾಯಿತು.

ನಲವತ್ತೊಂದೂ ಮುಗಿದವು. ಪುಸ್ತಕ ಮುಚ್ಚಬೇಕು.

"ನೀವು, ಮೇಡಂ?" ವಕೀಲೆ ಕೇಳಿದಳು. ದನಿಯಲ್ಲಿ ಕೊಂಕಿರಲಿಲ್ಲ.

ವಾರ್ಡನ್ ಎದ್ದು ನಿಂತಳು. ಹುಡುಗಿಯರು ಊಟಕ್ಕೆ ಕೈ ಹಾಕದೆ ಕಾಯುತ್ತಿದ್ದರು. ಮುಚ್ಚಬೇಕಿದ್ದ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಕೊನೆಯ ಹೆಸರಿನ ಕೆಳಗೆ, ಇನ್ನೊಂದು ಹೆಸರಿಗೆ ಆಗುವಂತೆ, ಒಂದು ಸಾಲು ಖಾಲಿಯಿತ್ತು. ಶಾಯಿ ಹತ್ತಿದ ಅವಳ ಬೆರಳು ಅಲ್ಲಿ ನಿಂತಿತ್ತು.