ಹಕಾರ ಬಾರದ ಡಬ್ಬಿ

ಬಣ್ಣದ ಕಾರ್ಖಾನೆಯವರು ಅಕ್ಕನ ಗಂಟಲನ್ನು ತಿಂದು ತೇಗಿ, ಅದರ ಬದಲಿಗೆ ಮಾತಾಡುವ ಯಂತ್ರವೊಂದನ್ನು ಕೊಟ್ಟಿದ್ದರು, ಹೂಗುಚ್ಛದ ಸಮೇತ. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆ ಹೋಗಿ, ಅವಳ ಕತ್ತಿನಲ್ಲೊಂದು ತೂತು ಉಳಿದಿತ್ತು. ಉಸಿರಾಟವೆಲ್ಲ ಅದರಲ್ಲೇ. ಯಂತ್ರಕ್ಕೆ ಹದಿನಾರು ಗುಂಡಿ, ಹದಿನಾರು ವಾಕ್ಯ. ಒಂದನ್ನು ಒತ್ತಿದರೆ ‘ಧನ್ಯವಾದಗಳು’, ಇನ್ನೊಂದಕ್ಕೆ ‘ನಾನು ಆರಾಮಾಗಿದ್ದೇನೆ’, ಮತ್ತೊಂದಕ್ಕೆ ‘ತಮ್ಮ ಉಪಕಾರ ಮರೆಯಲಾರೆ.’ ‘ಇಲ್ಲ’ ಎನ್ನುವುದಕ್ಕೆ ಮಾತ್ರ ಗುಂಡಿಯಿರಲಿಲ್ಲ.

“ಇದು ಮಾತಾಡೋ ಯಂತ್ರ ಅಲ್ಲ ಅಕ್ಕಾ, ಸಲಾಮು ಹೊಡೆಯೋ ಯಂತ್ರ,” ಎಂದು ತಂಗಿ ಅದನ್ನು ಮೇಜಿನಡಿಗೆ ತಳ್ಳಿದಳು. ಅವಳು ರೇಡಿಯೋ ರಿಪೇರಿಯವಳು.

ಇನ್ನೆಂಟು ದಿನಕ್ಕೆ ವಿಚಾರಣೆ. ಗಂಟಲು ಸುಟ್ಟಿದ್ದು ಕಾರ್ಖಾನೆಯ ಹೊಗೆ ಎಂಬ ಮಾತು ದಾಖಲೆಗೆ ಹೋಗಬೇಕು. ಹೋಗದಿದ್ದರೆ ಅಕ್ಕನ ಗಂಟಲು ತಾನಾಗೇ ಕೆಟ್ಟಿತೆಂದು ಫೈಲು ಮುಚ್ಚುತ್ತಾರೆ. ಬರೆದು ಕೊಟ್ಟ ಹೇಳಿಕೆ ಮೂರು ಸಲ ವಾಪಸು ಬಂದಿತ್ತು: ‘ಹೇಳಿಕೆಯನ್ನು ಬಾಯಲ್ಲೇ ಹೇಳತಕ್ಕದ್ದು.’ ಮಾತು ಹೋದವಳಿಗೆ ಮಾತಾಡೆಂದು ಮೂರು ಸೀಲು ಒತ್ತಿದ್ದರು!

ತಂಗಿ ಟೊಂಕ ಕಟ್ಟಿದಳು. ಮಾತಾಡುವ ಗೊಂಬೆಯ ಹೊಟ್ಟೆ ಸೀಳಿ ಸದ್ದಿನ ಚಿಪ್ ತೆಗೆದಳು. ಕೆಟ್ಟ ಕ್ಯಾಲ್ಕುಲೇಟರಿನ ಗುಂಡಿಗಳು, ಸತ್ತ ರೇಡಿಯೋದ ಸ್ಪೀಕರು, ಹವ್ಯಾಸಿಗಳು ಆಟಕ್ಕೆ ಕೊಳ್ಳುವ ಅಂಗೈಯಗಲದ ಎಲೆಕ್ಟ್ರಾನಿಕ್ ಬೋರ್ಡು, ಎಲ್ಲವೂ ಒಂದು ಸಾಬೂನು ಡಬ್ಬಿಯೊಳಗೆ. ಗುಂಡಿ ಒತ್ತಿದಂತೆ ಅಕ್ಷರಗಳ ಸದ್ದನ್ನು ಬೋರ್ಡು ಪೋಣಿಸುತ್ತಿತ್ತು. ದನಿ ಮಾತ್ರ ಶೀತವಾದ ಕಪ್ಪೆಯದು.

ಅಕ್ಕ ಮೊದಲು ಒತ್ತಿದ ಮಾತು ‘ಥೂ.’ ಡಬ್ಬಿ ‘ತೂ’ ಎಂದಿತು.

“ಮಹಾಪ್ರಾಣ ಬರಲ್ಲ, ಅಲ್ಪಪ್ರಾಣದಲ್ಲೇ ಅಡ್ಜಸ್ಟ್ ಮಾಡ್ಕೊ,” ಎಂದು ತಂಗಿ ನಕ್ಕಳು. ಅಕ್ಕ ‘ಹೊಗೆ’ ಒತ್ತಿದಾಗ ನಗು ನಿಂತಿತು. ಡಬ್ಬಿ ‘ಒಗೆ’ ಎಂದಿತು.

ತಂಗಿ ತಂತಿ ಬದಲಿಸಿದಳು, ಸ್ಪೀಕರು ಬದಲಿಸಿದಳು. ಮತ್ತೆ ‘ಒಗೆ.’ “ಹ ಅಂದ್ರೆ ಬರೀ ಉಸಿರು. ಈ ದರಿದ್ರ ಚಿಪ್ಪಿಗೆ ಉಸಿರೆಲ್ಲಿಂದ ತರ್ಲಿ? ಆವಿ ಅಂದ್ಬಿಡು ಅಕ್ಕಾ, ಅದು ಬರುತ್ತೆ.”

ಅಕ್ಕನಿಗೆ ಮೈ ಉರಿಯಿತು. ಕಾರ್ಖಾನೆಯ ಕಾಗದಗಳಲ್ಲೆಲ್ಲ ಇದ್ದದ್ದು ಅದೇ ಸಭ್ಯ ಪದ, ಆವಿ. ಹನ್ನೊಂದು ವರ್ಷ ಅವಳು ಬಣ್ಣ ಕುದಿಸುವ ಕೊಪ್ಪರಿಗೆಯ ಮುಂದಲ್ಲ, ಬಿಸಿನೀರಿನ ಲೋಟದ ಮುಂದೆ ಕೂತಿದ್ದಳೇನೋ ಎಂಬಂತೆ! ಮಾತಿನ ಬದಲು ಬರೆದು ತೋರಿಸುವ ಹಲಗೆಯ ಮೇಲೆ ದಪ್ಪಕ್ಕೆ ಬರೆದಳು: ‘ಹೊಗೆ.’

ವಿಚಾರಣೆಯ ಕೋಣೆಯಲ್ಲಿ ಅಧಿಕಾರಿ ಸಾಬೂನು ಡಬ್ಬಿಯನ್ನು ಸತ್ತ ಇಲಿಯಂತೆ ನೋಡಿದ. “ಹೇಳಿ.”

“ಕೊಪ್ಪರಿಗೆಯ ಒಗೆ ಕುಡಿದು ನನ್ನ ಗಂಟಲು ಸುಟ್ಟಿತು,” ಎಂದು ಡಬ್ಬಿ ವಟಗುಟ್ಟಿತು.

ಕಾರ್ಖಾನೆಯ ವಕೀಲ ಮೇಜು ಕುಟ್ಟಿ ನಕ್ಕ. “ಒಗೆ! ಕೇಳಿಸ್ಕೊಂಡ್ರಾ ಸ್ವಾಮಿ? ಮನೇಲಿ ಬಟ್ಟೆ ಒಗೆದು ಒಗೆದು ಗಂಟಲು ಹೋಯ್ತಂತೆ. ಅದಕ್ಕೆ ನಾವೇನ್ ಮಾಡೋಣ?”

ಅಧಿಕಾರಿಯೂ ನಕ್ಕ. ಟೈಪಿಸ್ಟ್ ಹೆಂಗಸು ತಲೆಯೆತ್ತದೆ ‘ಒಗೆ’ ಎಂದು ಕುಟ್ಟಿದಳು.

ಅಕ್ಕ ಎದ್ದಳು. ಕತ್ತಿನ ಬಟ್ಟೆ ಬಿಚ್ಚಿದಳು. ಮೇಜಿನ ಮೇಲಿದ್ದ ಮೈಕನ್ನು ಎಳೆದು ತೂತಿನ ಮುಂದಿಟ್ಟು ಉಸಿರು ಬಿಟ್ಟಳು: ‘ಹ್!’ ಬೆನ್ನಲ್ಲೇ ಬೆರಳು ಗುಂಡಿ ಒತ್ತಿತು: ‘ಒಗೆ.’

ಹೊಗೆ.

ಇನ್ನೊಮ್ಮೆ. ಹೊಗೆ. ಆ ತೂತನ್ನು ಕಂಡು ವಕೀಲನ ಕುರ್ಚಿ ತಾನಾಗಿ ಹಿಂದೆ ಸರಿಯಿತು. “ಇದು... ಯಂತ್ರ ಹೇಳಿದ್ದೋ, ಈಕೆ ಹೇಳಿದ್ದೋ?” ಎಂದು ಅಧಿಕಾರಿ ತಡವರಿಸಿದ.

“ಹ ಈಯಮ್ಮಂದು ಸಾರ್, ಮಿಕ್ಕಿದ್ದು ಡಬ್ಬೀದು,” ಎಂದಳು ಟೈಪಿಸ್ಟ್. ಕೇಳಿದ್ದನ್ನು ಕೇಳಿದ ಹಾಗೆ ಬರೆಯುವುದೇ ಅವಳ ಕೆಲಸ. ‘ಒಗೆ’ಯನ್ನು ಹೊಡೆದು ಹಾಕಿ ‘ಹೊಗೆ’ ಎಂದು ಕುಟ್ಟಿದಳು.

“ಆವಿ ಅಂತ ಹಾಕಿಸಿ ಸ್ವಾಮಿ, ಮರ್ಯಾದೆಯಾಗಿರುತ್ತೆ,” ಎಂದು ವಕೀಲ ಗೋಗರೆದ.

ಅಕ್ಕ ಅವನ ಕಡೆಗೆ ತಿರುಗಿ ‘ತೂ’ ಒತ್ತಿದಳು, ಮೈಕಿಗೆ ಉಸಿರು ಕೂಡಿಸಿ. ಈ ಸಲ ಮಹಾಪ್ರಾಣ ತಪ್ಪಲಿಲ್ಲ.