ಕಸದ ಬುಟ್ಟಿಗೆ ಹೋದದ್ದು

ಅಕ್ಕನ ಬಲಗಣ್ಣಿನ ಮೇಲ್ರೆಪ್ಪೆಯಲ್ಲಿ ಎದ್ದ ಗಂಟನ್ನು ಕಣ್ಣಿನ ಡಾಕ್ಟರು ಕುರು ಎಂದರು. ಕೆರೆದು ತೆಗೆದರು. ಅಲ್ಲೇ ಮತ್ತೆ ಎದ್ದಿತು. ಮತ್ತೆ ಕೆರೆದರು. ಮೂರನೆಯ ಸಲವೂ ಅದೇ ಜಾಗ, ಅದೇ ಮಾತು. ಹೊಲಿಗೆಯವರಲ್ಲವೇ, ಕೊಳೆ ಕೈಯಲ್ಲಿ ಕಣ್ಣುಜ್ಜಿಕೊಳ್ಳುತ್ತೀರಿ ಎಂದರು. ಅಕ್ಕ ಹೊಲಿಯುವುದು ಡಾಕ್ಟರುಗಳ ಬಿಳಿ ಕೋಟುಗಳನ್ನು. ಕೈ ಕೊಳೆಯಾಗಿದ್ದರೆ ಇವರಂಥವರು ತೊಡುತ್ತಿದ್ದದ್ದಾದರೂ ಏನನ್ನು? ನನಗೆ ಮೈಯೆಲ್ಲ ಉರಿದುಹೋಯಿತು.

ಕೆರೆದು ತೆಗೆದದ್ದನ್ನು ನರ್ಸ್ ಹತ್ತಿಯಲ್ಲಿ ಒರೆಸಿ, ಕಾಲಿನಿಂದ ಬುಟ್ಟಿಯ ಮುಚ್ಚಳ ತೆರೆದು ಎಸೆದಳು. ಅದನ್ನು ಪರೀಕ್ಷೆಗೆ ಕಳಿಸುವುದಿಲ್ಲವೇ ಎಂದೆ. ಡಾಕ್ಟರು ನಕ್ಕರು.

"ಇಷ್ಟು ಚಿಕ್ಕದನ್ನೆಲ್ಲ ಯಾರಮ್ಮ ಲ್ಯಾಬಿಗೆ ಕಳಿಸ್ತಾರೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕೈ ಹಿಡಿದೆಳೆದಳು. "ಸುಮ್ನಿರೇ, ಕತ್ತಿ ಅವರ ಕೈಲಿದೆ, ಕಣ್ಣು ನಂದು," ಎಂದು ಪಿಸುಗುಟ್ಟಿದಳು.

ಆಮೇಲೆ ಗಂಟಿದ್ದ ಕಡೆ ರೆಪ್ಪೆಗೂದಲು ಉದುರಿತು. ಅಪ್ಪನ ಬೋಳುತಲೆ ತನ್ನ ಕಣ್ಣಿಗೆ ಇಳಿದಿದೆ ಎಂದು ಅಕ್ಕ ತಮಾಷೆ ಮಾಡಿದಳು. ನನಗೆ ನಗು ಬರಲಿಲ್ಲ. ಹಟ ಹಿಡಿದು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದೆ.

ಅಲ್ಲಿನ ಡಾಕ್ಟರಮ್ಮ ಮೊದಲು ನೋಡಿದ್ದೇ ಆ ಬೋಳು ಜಾಗವನ್ನು. ಹಿಂದೆ ತೆಗೆದದ್ದರ ರಿಪೋರ್ಟ್ ಎಲ್ಲಿ ಎಂದು ಕೇಳಿದರು. ಕಸದ ಬುಟ್ಟಿಯಲ್ಲಿ ಎಂದೆ. ಅವರು ಆಗಲೇ ಒಂದು ಚೂರು ತೆಗೆದು, ಬಾಟಲಿಗೆ ಹಾಕಿ ಲ್ಯಾಬಿಗೆ ಕಳಿಸಿದರು.

ರೆಪ್ಪೆಯ ಎಣ್ಣೆಗ್ರಂಥಿಯ ಕ್ಯಾನ್ಸರ್ ಎಂದು ಬಂತು. ಅಪರೂಪದ್ದಂತೆ, ಕುರುವಿನ ವೇಷದಲ್ಲೇ ಬರುತ್ತದಂತೆ. ಒಂದೇ ಜಾಗದಲ್ಲಿ ಮರುಕಳಿಸಿದರೆ ಅನುಮಾನ ಪಡಲೇಬೇಕಂತೆ. ಮೊದಲೇ ತಿಳಿದಿದ್ದರೆ ರೆಪ್ಪೆಯ ಒಂದು ತುಂಡು ಹೋಗುತ್ತಿತ್ತು, ಅಷ್ಟೆ. ಈಗ ಅದು ಕಣ್ಣಿನ ಹಿಂದಕ್ಕೆ ಹಬ್ಬಿತ್ತು. ಅಕ್ಕನ ಬಲಗಣ್ಣನ್ನೇ ತೆಗೆದರು.

ಗಾಯ ಮಾಗಿದ ಮೇಲೆ, ಹಳೆಯ ಡಾಕ್ಟರ ಹತ್ತಿರ ಹೋಗೋಣ ಎಂದು ಅಕ್ಕನೇ ಹೊರಟಳು. ಖಾಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅವರ ಮುಂದೆ ಕೂತಳು. ಅವರು ತಲೆ ಎತ್ತದೆ, ಅದು ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆ, ಯಾರಿಗೆ ಗೊತ್ತಾಗುತ್ತದೆ ಎಂದರು. ಅಕ್ಕ ಕೈಚೀಲದಿಂದ ಮುಚ್ಚಳವಿದ್ದ ಸಣ್ಣ ಗಾಜಿನ ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ನೋಡಿದ ತಕ್ಷಣ ಗೊತ್ತಾಗದೇ ಇರಬಹುದು ಡಾಕ್ಟ್ರೇ. ಮುಂದಿನವರದ್ದನ್ನ ಇಂಥದ್ರಲ್ಲಿ ಹಾಕಿ ಲ್ಯಾಬಿಗೆ ಕಳಿಸಿ. ಅಷ್ಟು ಸಾಕು."

ಎದ್ದು ಬಂದೆವು. ಹೊರಗೆ ಬೆಂಚಿನ ಮೇಲೆ ಹೆಂಗಸೊಬ್ಬಳು ಊದಿದ ರೆಪ್ಪೆಗೆ ಕರವಸ್ತ್ರ ಒತ್ತಿಕೊಂಡು ಸರದಿ ಕಾಯುತ್ತಿದ್ದಳು. ಅವಳನ್ನು ದಾಟುವ ಮೊದಲೇ ಒಳಗೆ ಬುಟ್ಟಿಯ ಮುಚ್ಚಳ ತೆರೆದ ಸದ್ದು, ಗಾಜು ಬಿದ್ದ ಸದ್ದು, ಮುಚ್ಚಳ ಮುಚ್ಚಿದ ಸದ್ದು ಕೇಳಿಸಿತು.

ಅಕ್ಕ ನಿಂತಳು. ಅಷ್ಟು ಹೊತ್ತೂ ಹಿಡಿದಿದ್ದ ನನ್ನ ಕೈ ಬಿಟ್ಟಳು.

"ಹೋಗೇ," ಎಂದಳು. "ಈ ಸಲ ನಾನು ತಡೆಯಲ್ಲ."